ಬದಲಿ ಬರುವ ತನಕ

ಕೃಷ್ಣೆಯ ದಂಡೆಯ ಮೇಲೊಂದು ಮಠ. ಅಲ್ಲಿಯ ಮಡಿವಾಳಯ್ಯಜ್ಜಾರು ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ಕಡಿಮೆ, ಕೈಗೊಂದು ಕೆಲಸ ಕೊಡುವುದೇ ಹೆಚ್ಚು. ಹಾಗಾಗಿ ಮೈಗಳ್ಳರು ಅವರ ಹತ್ತಿರ ಪ್ರಶ್ನೆ ಒಯ್ಯುತ್ತಿರಲಿಲ್ಲ.

ದುಂಡಪ್ಪ ಒಯ್ದ. ಫೌಜಿನಿಂದ ವಜಾ ಆಗಿ ಬಂದವನು ಅವನು. ತಲೆ ನರೆತಿತ್ತು, ಬೆನ್ನು ಮಾತ್ರ ಇನ್ನೂ ಬಾಗಿರಲಿಲ್ಲ.

"ಅಜ್ಜಾರ, 'ವಜಾ' ಅನ್ನೋದನ್ನ ತಗದು 'ಗೌರವದ ಬಿಡುಗಡೆ' ಅಂತ ಮಾಡ್ರಿ ಅಂತ ಫೌಜಿನ ಮಂಡಳಿಗೆ ಅರ್ಜಿ ಹಾಕೀನ್ರಿ. ಈಗ ನಾ ಎಂಥಾಂವ ಅದೀನಿ ಅಂತ ತಾವೊಂದು ಮಾತು ಬರದ ಕೊಡ್ರಿ."

"ನೀ ಎಂಥಾಂವ ಅದೀ?"

ದುಂಡಪ್ಪ ಕೈಯಲ್ಲಿದ್ದ ಅರ್ಜಿಯ ಪ್ರತಿಯನ್ನೇ ತಿರುವಿ ನೋಡಿದ.

"ನನಗೂ ಗೊತ್ತಿಲ್ಲಪಾ. ನಾ ಕಂಡದ್ದನ್ನಷ್ಟ ಬರಿಯಾಂವ. ಇಲ್ಲೇ ಇರು, ನೋಡೂಣು."

ಮಳೆಗಾಲ ಅದು. ಮೇಲಿನ ಆಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆ ನೋಡುನೋಡುತ್ತಿದ್ದಂತೆ ಏರುತ್ತಿತ್ತು. ಬಟ್ಟೆ ಒಗೆಯುವವರು, ಮೀಯುವವರು ಹೊಳೆಗಿಳಿಯುವ ಪಾವಟಿಗೆಯ ಮೇಲೆ ಮೈಮರೆತು ಕೂತಿರುತ್ತಿದ್ದರು. ಅಜ್ಜಾರು ದುಂಡಪ್ಪನ ಕೈಗೆ ಒಂದು ಜಾಗಟೆ ಕೊಟ್ಟರು.

"ನೀರಿನ ಬಣ್ಣ ತಿರುಗಿದ ಕೂಡ್ಲೇ ಬಡಿ. ಮಂದಿ ಮ್ಯಾಲ ಬರತಾರ. ಊಟದ ಹೊತ್ತಿಗೆ ಅಡಿಗಿ ಶರಣಪ್ಪ ಬರತಾನ. ಬದಲಿ ಬರೋತನಕ ಜಾಗಾ ಬಿಡಬ್ಯಾಡ."

ಆ ಕೊನೆಯ ಮಾತಿಗೆ ದುಂಡಪ್ಪನ ಮುಖ ಸಣ್ಣದಾಯಿತು. ಜಾಗಟೆ ತೆಗೆದುಕೊಂಡು ಇಳಿದು ಹೋದ.

ದಿನಾ ನಿಂತ. ಎದುರಿಗೆ ಇದ್ದದ್ದು ಹೊಳೆಯ ನೀರು, ಅವನ ಕಣ್ಣಿಗೆ ಕಾಣುತ್ತಿದ್ದದ್ದು ಬಿಳೀ ಹಿಮ.

ಒಂದು ದಿನ ಅಜ್ಜಾರು ಮೇಲಿನ ಕಟ್ಟೆಯ ಮೇಲೆ ಕೂತು ಕೇಳಿದರು. ಮಂಡಿನೋವಿನಿಂದ ಅವರು ಕೆಳಗಿಳಿಯುವುದನ್ನು ಬಿಟ್ಟು ವರ್ಷಗಳೇ ಆಗಿದ್ದವು.

"ಏನ್ ತಪ್ಪು ಮಾಡಿದ್ಯೋ?"

"ಪಹರೆ ಬಿಟ್ಟ ಹೋದೆ ಅಜ್ಜಾರ. ಹಿಮದ ಗುಡ್ಡದ ಮ್ಯಾಲ. ನನ್ನ ಬದಲಿಗೆ ಲಗಮಣ್ಣ ಬರಬೇಕಾಗಿತ್ತು. ನಮ್ಮ ಊರಾಂವನ, ಗೆಳೆಯ. ದಿನಾ ಬಂದಾಂವನ ನನ್ನ ಬೆನ್ನ ಮ್ಯಾಲ ಒಂದ ಗುದ್ದಿ, 'ನಾ ಬಂದೀನಲ್ಲೋ, ನೀ ಹೋಗು' ಅಂತಿದ್ದ. ಅವತ್ತ ಬರಲಿಲ್ಲ."

"ಆಮ್ಯಾಲ?"

"ಹುಡುಕಾಕ ಹೋದೆ. ಹಿಮದಾಗ ಹೂತ ಹೋಗಿದ್ದ. ಹೊತ್ಕೊಂಡ ಬರೂದ್ರಾಗ ಸಾಹೇಬರು ಬಂದ ನೋಡಿದ್ರು, ಪಹರೆ ಖಾಲಿ. ಅವಗ ಜೀವಾನೂ ಇರಲಿಲ್ರಿ."

ಅಜ್ಜಾರು ಹೊಳೆಯನ್ನೇ ನೋಡುತ್ತಿದ್ದರು.

"ಊರಾಗ ಅವನ ಮೂರ್ತಿ ಕುಂದರಸ್ಯಾರ. ಬಾವುಟದ ದಿನ ರಿಟೈರಾದ ಸೈನಿಕರೆಲ್ಲಾ ಸಾಲಾಗಿ ನಿಂತು ಸೆಲ್ಯೂಟ್ ಹೊಡೀತಾರ. ನಾ ವಜಾ ಆದಾಂವ, ಆ ಸಾಲಿನಾಗ ನನಗ ಜಾಗಾ ಇಲ್ಲ. ಹಿಟ್ಟಿನ ಗಿರಣಿ ಗ್ವಾಡಿ ಹಿಂದ ನಿಂತ ನೋಡ್ತೀನ್ರಿ."

"ಗ್ವಾಡಿ ಹಿಂದ ನಿಂತ ಹೊಡದ್ರ ಅವಗ ಮುಟ್ಟಂಗಿಲ್ಲೇನು?"

"ಅವಗ ಮುಟ್ಟತೈತ್ರಿ," ಎಂದ ದುಂಡಪ್ಪ. "ನನಗ ಮುಟ್ಟಂಗಿಲ್ಲ."

ಅವತ್ತು ಅಜ್ಜಾರು ಶರಣಪ್ಪನ ಕೈಯಲ್ಲಿ ಅವನಿಗೊಂದು ಗಡಿಗೆ ಮಜ್ಜಿಗೆ ಕಳಿಸಿದರು, ಅಷ್ಟೆ.

ಮಂಡಳಿಯ ವಿಚಾರಣೆಗೆ ದಿನ ಗೊತ್ತಾಯಿತು. ದುಂಡಪ್ಪ ಪೇಟೆಗೆ ಹೋಗಿ ವಕೀಲರನ್ನು ಕಂಡು ಬಂದ. ಬಂದಾಗ ಒಳಗೊಳಗೇ ಕುದಿಯುತ್ತಿದ್ದ.

"ಅಜ್ಜಾರ, ಲಗಮಣ್ಣ ಕಾಪಾಡ್ರೋ ಅಂತ ಕೂಗಿದ್ದು ಕೇಳಿಸ್ತು ಅಂತ ಹೇಳು ಅಂತಾರ ವಕೀಲರು. ಹಂಗಂದ್ರ ಕೆಲಸ ಆಗತೈತಂತ."

"ಕೂಗಿದ್ನೇನು?"

"ಇಲ್ರಿ."

"ಮತ್ತ ಯಾಕ ಹೋದಿ?"

"ಅಂವ ತಡಾ ಮಾಡಾಂವ ಅಲ್ರಿ."

ಹೇಳಿದವನೇ ಅತ್ತುಬಿಟ್ಟ. ಅಷ್ಟು ವರ್ಷ ಅವನು ಯಾರ ಮುಂದೆಯೂ ಅತ್ತಿರಲಿಲ್ಲ.

ಅಳು ನಿಂತ ಮೇಲೆ ಕೇಳಿದ, "ನಾ ಅಲ್ಲಿ ಏನ್ ಹೇಳ್ಲಿ?"

"ನಾಳೆ ಹೊಳಿಗೆ ನೀರು ಬಿಡ್ತಾರಂತ. ಬೆಳಕು ಹರಿಯೂ ಮುಂದ ಪಾವಟಿಗಿ ಮ್ಯಾಲ ಇರು," ಎಂದರು ಅಜ್ಜಾರು.

"ನಾಳೆನ ವಿಚಾರಣಿ ಐತ್ರಿ! ಮುಂಜಾನಿ ಬಸ್ಸಿಗೆ ಹೋಗಬೇಕು. ನಿಮ್ಮ ಮಾತೂ ಇನ್ನೂ ಬರದ ಕೊಟ್ಟಿಲ್ಲ ನೀವು."

"ಬಸ್ಸಿಗಿಂತ ಮೊದಲ ಶರಣಪ್ಪ ಬರತಾನ ತಗೋ."

ಮರುದಿನ ಅಮಾವಾಸ್ಯೆ. ಮಿಂದು ಹೋಗಲು ಮಂದಿಯೋ ಮಂದಿ. ದುಂಡಪ್ಪ ಇಸ್ತ್ರಿ ಮಾಡಿದ ಬಿಳೀ ಅಂಗಿ ತೊಟ್ಟು, ಹೆಗಲಿಗೆ ಚೀಲ ಹಾಕಿಕೊಂಡು, ಜಾಗಟೆ ಹಿಡಿದು ನಿಂತ.

ಶರಣಪ್ಪ ಬರಲಿಲ್ಲ. ಒಲೆ ಬಿಟ್ಟು ಬರಲಾಗಲಿಲ್ಲವೋ, ಅಜ್ಜಾರೇ ತಡೆದು ಕೂರಿಸಿದ್ದರೋ, ಕೇಳುವ ಧೈರ್ಯ ಆಮೇಲೂ ಯಾರಿಗೂ ಆಗಲಿಲ್ಲ.

ಊರಬಾಗಿಲ ಅಗಸಿಯ ಹತ್ತಿರ ಬಸ್ಸು ಹಾರ್ನ್ ಹೊಡೆಯಿತು.

ದುಂಡಪ್ಪ ಮೇಲೆ ನೋಡಿದ. ಯಾರೂ ಇಲ್ಲ. ಕೆಳಗೆ ನೋಡಿದ. ಎದೆಮಟ್ಟ ನೀರಿನಲ್ಲಿ ಮುದುಕಿಯರು ಒಬ್ಬರ ಕೈ ಒಬ್ಬರು ಹಿಡಿದು ಮುಳುಗಿ ಏಳುತ್ತಿದ್ದರು.

ಬಸ್ಸು ಮತ್ತೆ ಹಾರ್ನ್ ಹೊಡೆಯಿತು. ಈ ಬಸ್ಸು ತಪ್ಪಿದರೆ ಸಾಲು ತಪ್ಪಿತು, ಸೆಲ್ಯೂಟ್ ತಪ್ಪಿತು, ಸಾಯುವ ತನಕ ಗಿರಣಿಯ ಗೋಡೆಯೇ ಗತಿ.

ಅಷ್ಟರಲ್ಲಿ ಹೊಳೆಯ ನಡುವೆ ನೀರು ಕದಡಿ ಕೆಂಪಾಯಿತು. ದುಂಡಪ್ಪ ಜಾಗಟೆ ಬಡಿದ. ಮಂದಿ ಗಡಬಡಿಸಿ ಮೇಲೆ ಹತ್ತಿದರು. ಹತ್ತಲಾರದ ಮುದುಕಿಯೊಬ್ಬಳ ರಟ್ಟೆ ಹಿಡಿದು ಎಳೆದುಕೊಂಡ. ಮತ್ತೆ ಬಂದು ನಿಂತಲ್ಲೇ ನಿಂತ. ಮೀಯುವವರು ಇನ್ನೂ ಬರುವವರಿದ್ದರು.

ಅಗಸಿಯ ಕಡೆಯಿಂದ ಈಗ ಸದ್ದೇ ಇರಲಿಲ್ಲ. ಹೋಯಿತು ಅಂದುಕೊಂಡ. ಕಣ್ಣು ತುಂಬಿ ಹೊಳೆಯೇ ಕಾಣದಂತಾಯಿತು. ಒರೆಸಿಕೊಂಡು ಮತ್ತೆ ನೋಡಿದ.

ಹಿಂದೆ ಪಾವಟಿಗೆಯ ಮೇಲೆ ಯಾರೋ ಒಂದೊಂದೇ ಹೆಜ್ಜೆ ಇಟ್ಟು ಇಳಿಯುತ್ತಿದ್ದರು. ಆ ಗುಡ್ಡದ ಮೇಲೆ ಕಿವಿಗೊಟ್ಟು ಕಾದಿದ್ದ ಸಪ್ಪಳವದು. ತಿರುಗಿ ನೋಡಲು ಅವನಿಗೆ ಹೆದರಿಕೆಯಾಯಿತು.

ಅಜ್ಜಾರು ಬಂದು ಪಕ್ಕದಲ್ಲಿ ನಿಂತರು. ಏದುಸಿರು ಬಿಡುತ್ತಿದ್ದರು. ಮಡಚಿದ ಒಂದು ಹಾಳೆಯನ್ನು ಅವನ ಅಂಗಿಯ ಕಿಸೆಗೆ ಇಟ್ಟರು. ಶಾಯಿ ಇನ್ನೂ ಆರಿರಲಿಲ್ಲ, ಬಿಳೀ ಅಂಗಿಗೆ ಸ್ವಲ್ಪ ಹತ್ತಿತು.

"ಕಂಡದ್ದು ಬರದೀನಿ. ಬಸ್ಸಿನವಗ ನಿಂದ್ರು ಅಂತ ಹೇಳಿ ಕಳಿಸೀನಿ, ನಿಂತಾನ. ಅಲ್ಲಿ ಏನಂತ ಹೇಳ್ತಿ?"

"ಅಂವ ಕೂಗಲಿಲ್ಲ, ಅಂವ ತಡಾ ಮಾಡಾಂವ ಅಲ್ಲ, ಅದಕ್ಕ ಹೋದೆ ಅಂತೀನ್ರಿ."

"ಅವರು ಒಪ್ಪಲಿಲ್ಲಂದ್ರ?"

"ತಿರುಗಿ ಇಲ್ಲೇ ಬಂದ ನಿಂದರತೀನ್ರಿ."

ಅಜ್ಜಾರು ಅವನ ಕೈಯಿಂದ ಜಾಗಟೆ ತೆಗೆದುಕೊಂಡು ಹೊಳೆಯ ಕಡೆ ಮುಖ ಮಾಡಿದರು. ದುಂಡಪ್ಪ ಹೋಗಬೇಕೆಂದುಕೊಂಡ. ಕಾಲು ಏಳಲಿಲ್ಲ.

ಅಜ್ಜಾರು ಹೊಳೆಯಿಂದ ಕಣ್ಣು ತೆಗೆಯದೆ, ಅವನ ಬೆನ್ನ ಮೇಲೊಂದು ಗುದ್ದಿದರು.

"ನಾ ಬಂದೀನಲ್ಲೋ, ನೀ ಹೋಗು."