ಕೆಂಪುಸೆರಗು ಹಾಲ್ಟು

ಕೆಂಪುಸೆರಗು ಎಂಬ ಹಾಲ್ಟಿನಲ್ಲಿ ಇಳಿದವರಿಗೆ ಕಾಣುವುದು ಇಷ್ಟೇ: ತಗಡಿನ ಮಾಡು, ಕಲ್ಲುಬೆಂಚು, ಪಕ್ಕದಲ್ಲೊಂದು ಹಳೆಯ ಹೊಂಗೆಮರ, ಅದರ ಕೊಂಬೆಗೆ ಕಟ್ಟಿದ ಕೆಂಪು ಬಟ್ಟೆ. ಬೆಳಿಗ್ಗೆ ಒಂದು ಪ್ಯಾಸೆಂಜರ್ ಗಾಡಿ ಹೋಗುತ್ತದೆ, ಸಂಜೆ ಅದೇ ವಾಪಸು ಬರುತ್ತದೆ. ಹತ್ತುವವರಿಲ್ಲದ ದಿನವೂ ಇಲ್ಲಿ ನಿಂತೇ ಮುಂದೆ ಸಾಗುತ್ತದೆ.

ಹಿಂದೆ ಒಮ್ಮೆ, ಉಗಿಬಂಡಿಯ ಕಾಲದಲ್ಲಿ, ಇಲ್ಲಿ ಹಳಿಯಿತ್ತು, ನಿಲ್ದಾಣವಿರಲಿಲ್ಲ. ಪಕ್ಕದ ಹರವಿನಹಳ್ಳಿಯವರು ರೈಲು ಹತ್ತಲು ಎರಡು ಹರದಾರಿ ನಡೆಯಬೇಕಿತ್ತು. ಆ ಊರಿನಲ್ಲಿ ಅಚ್ಚಮ್ಮನೆಂಬ ಮಡಿ ಹೆಂಗಸಿದ್ದಳು. ಹುಡುಗಿಯಾಗಿದ್ದಾಗಲೇ ಗಂಡ ಸತ್ತು, ತಲೆ ಬೋಳಿಸಿಕೊಂಡು, ಆ ಕಾಲದ ವಿಧವೆಯರಂತೆ ಕೆಂಪು ಸೀರೆಯಲ್ಲೇ ಮುದುಕಿಯಾದವಳು. ಪ್ರಯಾಣಕ್ಕೆ ಹೊರಟವರಿಗೆ ಅವಳು ಎದುರಾದರೆ ಮುಗಿಯಿತು. ಹಿಂದಿರುಗಿ ಜಗಲಿಯಲ್ಲಿ ಕುಳಿತು, ನೀರು ಕುಡಿದು, ಮತ್ತೆ ಹೊರಡುತ್ತಿದ್ದರು. ಅವಳೂ ದಾರಿಯಲ್ಲಿ ಜನ ಕಂಡರೆ ತಾನಾಗಿಯೇ ಗೋಡೆಗೆ ಮುಖ ತಿರುಗಿಸಿ ನಿಲ್ಲುವುದನ್ನು ಕಲಿತಿದ್ದಳು.

ಒಂದು ದಿನ ಅವಳು ಹಳ್ಳದಲ್ಲಿ ಸೀರೆ ಒಗೆದು, ಹಳಿಯ ಬದಿಯಲ್ಲಿ ಗಾಳಿಗೆ ಹಿಡಿದು ಒಣಗಿಸುತ್ತಿದ್ದಾಗ, ಕೆಂಪು ಕಂಡ ಡ್ರೈವರು ಅಪಾಯವೆಂದು ಗಾಡಿ ನಿಲ್ಲಿಸಿದನಂತೆ. ಊರಿಗೆ ಅಷ್ಟು ಸಾಕಾಯಿತು. ಶಕುನದ ಲೆಕ್ಕವೂ ಜನರಿಗೆ ಬೇಕಾದಂತೆ ತಿರುಗುತ್ತದೆ, ಏನು ಹೇಳೋಣ. ಅದುವರೆಗೆ ಅವಳ ಮುಖ ನೋಡದ ಶಾನುಭೋಗ ತಿರುಮಲಯ್ಯನೇ ಬಾಗಿಲಿಗೆ ಬಂದು, "ಅಚ್ಚಮ್ಮನವರೆ, ನಾಳೆ ನಮ್ಮ ಮನೆಯವರು ಮದುವೆಗೆ ಹೋಗಬೇಕು. ಹಳಿ ಹತ್ತಿರ ಒಂದಿಷ್ಟು ಸೆರಗು ಬೀಸಿ ಪುಣ್ಯ ಕಟ್ಟಿಕೊಳ್ಳಿ ತಾಯಿ" ಎಂದ. ಅಚ್ಚಮ್ಮನಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ಸಂತೋಷ. ತನ್ನಿಂದಲೂ ಒಬ್ಬರ ಪ್ರಯಾಣ ಸಾಗುತ್ತದೆಂಬ ಮಾತನ್ನು ಗಂಡ ಸತ್ತಂದಿನಿಂದ ಅವಳು ಕೇಳಿರಲಿಲ್ಲ. ಕರೆದಾಗಲೆಲ್ಲ ಹೋದಳು. ಕೊನೆಗೆ ಡ್ರೈವರುಗಳಿಗೆ ಮೇಲಿನವರಿಂದ ಬೈಗುಳ ಬಿತ್ತು. ಅದು ಮುದುಕಿಯ ಸೀರೆ, ನಿಲ್ಲಿಸಬೇಡಿ ಎಂದು ತಮ್ಮತಮ್ಮಲ್ಲೇ ಹೇಳಿಕೊಂಡರು.

ಆ ವರ್ಷದ ಮಳೆಗೆ ಹಳ್ಳ ಉಕ್ಕಿ ಸೇತುವೆಯ ಕಂಬ ಕಿತ್ತುಹೋಯಿತು. ಹಳಿಗಳು ಬಟ್ಟೆ ಒಣಹಾಕುವ ಹಗ್ಗದಂತೆ ಜೋತುಬಿದ್ದವು. ಅದನ್ನು ಮೊದಲು ಕಂಡವಳು ಅಚ್ಚಮ್ಮ. ಬರುವ ಗಾಡಿಯಲ್ಲಿ ಅವಳೇ ಸಾಕಿ ಬೆಳೆಸಿದ ತಂಗಿಯ ಮಗಳು ಜಾನಕಿ ಇದ್ದಳು, ಚೊಚ್ಚಲ ಹೆರಿಗೆಗೆಂದು ಬರುತ್ತಿದ್ದಳು. ಮುದುಕಿ ಗಾಡಿಗೆ ಎದುರಾಗಿ ಓಡಿ ಸೆರಗು ಬೀಸಿದಳು. ಗಾಡಿ ಸೀಟಿ ಹಾಕಿತು, ವೇಗ ತಗ್ಗಲಿಲ್ಲ. ಆಗ ಅವಳು ಹಳಿಗಳ ನಡುವೆಯೇ ಹೋಗಿ ನಿಂತಳು. ಸರಿದುಕೊಳ್ಳುತ್ತಾಳೆ ಎಂದು ಡ್ರೈವರು ಅಂದುಕೊಂಡ, ಅವಳು ಸರಿಯಲಿಲ್ಲ. ಅವನು ಬ್ರೇಕು ಹಾಕುವಷ್ಟರಲ್ಲಿ ಇಂಜಿನ್ನು ಅವಳ ಮೇಲೆ ಹಾದು ಹಳ್ಳಕ್ಕೆ ಉರುಳಿತು, ಮುಂದಿನ ಡಬ್ಬಿಯೂ ಜನರ ಸಮೇತ ಬಿತ್ತು. ಉಳಿದವು ದಡದಲ್ಲೇ ನಿಂತವು. ಹಿಂದಿನ ಡಬ್ಬಿಯಿಂದ ಇಳಿದ ಜಾನಕಿಗೆ ದೊಡ್ಡಮ್ಮನ ಸೆರಗಷ್ಟೇ ಸಿಕ್ಕಿತು ಎನ್ನುತ್ತಾರೆ. ಅದನ್ನು ಹೊಂಗೆಯ ಕೊಂಬೆಗೆ ಕಟ್ಟಿದಳು. ಕೈಮುಗಿಯಲು ಬಂದ ತಿರುಮಲಯ್ಯನನ್ನು, "ಈಗ ಎದುರಿಗೆ ಬಂದರೆ ಅಡ್ಡಿಯಿಲ್ಲವೇನು, ಶಾನುಭೋಗರೆ?" ಎಂದು ಕೇಳಿದಳು.

ಹಾಲ್ಟು ಬಂದದ್ದು ಆಮೇಲೆ. ಬಟ್ಟೆ ಬಣ್ಣಗೆಟ್ಟಾಗಲೆಲ್ಲ ಊರವರು ಹೊಸದು ಕಟ್ಟುತ್ತಾರೆ. ಗಾಡಿ ಹತ್ತುವವರು ಇಂದಿಗೂ ಅದನ್ನು ಕಣ್ಣಿಗೊತ್ತಿಕೊಂಡೇ ಹತ್ತುತ್ತಾರೆ. ಅದರ ಮುಖ ನೋಡದೆ ಹೊರಟರೆ ಹೋದ ಕೆಲಸ ಕೆಡುತ್ತದಂತೆ.