ಗೂಟ ನೀರು ಕುಡಿದ ಜಾಗ

ನೂರು ಕೊಡ ನೀರು ಊರಿಗೆ ಹೊರಟರೆ ನಲವತ್ತು ಕೊಡ ದಾರಿಯಲ್ಲೇ ಮಣ್ಣಿನ ಪಾಲಾಗುತ್ತಿತ್ತು. ಮಿಕ್ಕದ್ದರಲ್ಲಿ ಮೇಲಿನ ಓಣಿಯವರು ತೊಟ್ಟಿ ತುಂಬಿಸಿಕೊಂಡು ಅಂಗಳ ತೊಳೆಯುತ್ತಿದ್ದರು, ಕಾರು ತೊಳೆಯುತ್ತಿದ್ದರು. ಕೆಳಗಿನ ಓಣಿಯವರು ನಲ್ಲಿ ತಿರುಗಿಸಿದರೆ ಬುಸ್ಸೆಂದು ಗಾಳಿ ಬರುತ್ತಿತ್ತು.

ಪುರಸಭೆಯವರು ಮಳೆ ಸಾಲದು ಎಂದರು. ಅದು ಸುಳ್ಳು. ನದಿ ಕೊಟ್ಟಿತ್ತು. ಪೈಪು ಕಳೆದಿತ್ತು.

ಆ ನದಿಯ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲಿ ನಿಂಗಯ್ಯಜ್ಜ ಎಂಬ ಗುರು. ಕಾವಿ ಉಡುವ ಮೊದಲು ನೀರು ಸರಬರಾಜಿನಲ್ಲಿ ಫಿಟ್ಟರ್ ಆಗಿದ್ದವರು.

ಅವರಲ್ಲಿ ಜಪವಿರಲಿಲ್ಲ, ಪ್ರವಚನವಿರಲಿಲ್ಲ. ಬೆಳಗ್ಗೆ ಪಂಪು ಶುರುವಾದ ಕೂಡಲೇ ಶಿಷ್ಯರು ಬಿದಿರಿನ ಕೋಲು ಹಿಡಿದು ಹೊರಡಬೇಕು. ಕೋಲಿನ ಒಂದು ತುದಿ ನೆಲಕ್ಕೆ, ಇನ್ನೊಂದು ತುದಿ ಕಿವಿಗೆ. ನೆಲದಡಿ ಪೈಪು ಸೋರುತ್ತಿದೆ ಅನ್ನಿಸಿದಲ್ಲಿ ಕೆಂಪು ಬಟ್ಟೆ ಕಟ್ಟಿದ ಗೂಟ ಹೊಡೆದು ಬರಬೇಕು. ಮಧ್ಯಾಹ್ನದ ಮೇಲೆ ಪುರಸಭೆಯ ಕೆಲಸಗಾರರು ಅಲ್ಲಿ ಅಗೆದು ಸರಿಪಡಿಸುತ್ತಿದ್ದರು. ಗೂಟ ಹೊಡೆದವನು ಅದರ ಬಗ್ಗೆ ಯಾರೊಂದಿಗೂ ಮಾತಾಡುವಂತಿಲ್ಲ. ಅಷ್ಟೇ ನಿಯಮ.

ಅಜ್ಜನ ಬಳಿ ಮಾತ್ರ ಕಬ್ಬಿಣದ ಕೋಲಿತ್ತು. ಅದರ ತುದಿಗೆ ಕಿವಿಗೆ ಹೊಂದುವ ಹಿತ್ತಾಳೆಯ ಬಟ್ಟಲು. ಕೆಳಗಿನ ಓಣಿಯ ಕೊನೆಯ ನಲ್ಲಿಗೆ ಯಾರು ನೀರು ತರುತ್ತಾರೋ ಆ ಕೋಲು ಅವರದು ಎಂದು ಅಜ್ಜ ಯಾವಾಗಲೋ ಹೇಳಿಬಿಟ್ಟಿದ್ದರು.

ಕೊಟ್ರೇಶ ಹನ್ನೆರಡು ವರ್ಷದಿಂದ ಆ ಕೋಲಿನ ಮೇಲೆ ಕಣ್ಣಿಟ್ಟಿದ್ದ. ಮೇಲಿನ ಓಣಿಯ ಮನೆ ಬಿಟ್ಟು ಬಂದವನು. ಆಶ್ರಮದ ಬಾವಿಯ ಪಕ್ಕ ಬಾಳೆ ತೋಟ ಮಾಡಿದ್ದ. ಸುಡು ಬೇಸಿಗೆಯಲ್ಲೂ ಹಸಿರು ಆರದ ತೋಟ.

ಪೀರಪ್ಪ ಬಂದು ಮೂರು ವರ್ಷವೂ ಆಗಿರಲಿಲ್ಲ. ಕೆಳಗಿನ ಓಣಿಯವನು, ಮಾತು ಕಡಿಮೆ. ಒಂದು ಬೆಳಗ್ಗೆ ಅಜ್ಜ ಅವನನ್ನು ಕರೆದು, ಇವತ್ತೊಂದು ದಿನ ಇದನ್ನು ಹಿಡಿದು ನೋಡು ಎಂದು ಕಬ್ಬಿಣದ ಕೋಲು ಕೈಗೆ ಕೊಟ್ಟರು.

ಕೊಟ್ರೇಶನ ಎದೆಯಲ್ಲಿ ಕೆಂಡ ಬಿತ್ತು.

ಸಂಜೆ ಅಜ್ಜನ ಎದುರು ಹೋಗಿ ಕೂತ. ಈ ವರ್ಷ ತಾನು ನಲವತ್ತು ಗೂಟ ಹೊಡೆದಿದ್ದೇನೆ, ಪೀರಪ್ಪ ಹೊಡೆದದ್ದು ಒಂಬತ್ತು ಎಂದು ನೆನಪಿಸಿದ.

"ನಲವತ್ತೂ ಸರಿಯಿದ್ದವು," ಎಂದರು ಅಜ್ಜ. "ಕೊನೇ ನಲ್ಲಿಗೆ ನೀರು ಬಂತೇನು?"

"ಇಲ್ರಿ."

"ಸಣ್ಣ ತೂತು ಸಿಳ್ಳೆ ಹೊಡೀತೈತಿ, ಕಿವಿ ಇದ್ದವರಿಗೆಲ್ಲ ಕೇಳ್ತೈತಿ. ದೊಡ್ಡ ಬಿರುಕು ಬಾಯಿ ಮುಚ್ಕೊಂಡು ಕುಡೀತೈತಿ. ನೀನು ಸಣ್ಣವು ಮುಚ್ಚಿಸಿದಷ್ಟೂ ಅದು ಇನ್ನೂ ಹೆಚ್ಚು ಕುಡೀತೈತಿ."

"ಸದ್ದೇ ಇಲ್ಲದ್ದು ಪೀರಪ್ಪಗ ಹೆಂಗ ಕೇಳ್ತೈತ್ರಿ?"

"ಅವನನ್ನೇ ಕೇಳು. ಸಣ್ಣವನಿದ್ದಾಗ ಯಾವ ನಲ್ಲಿ ನೀರು ಕುಡಿದೆ ಅಂತ ಕೇಳು."

ಕೊಟ್ರೇಶ ಕೇಳಲಿಲ್ಲ. ಕೇಳಿದರೆ ಅವನು ಮೇಲಾಗುತ್ತಾನೆ, ತಾನು ಕೆಳಗಾಗುತ್ತೇನೆ ಎಂದುಕೊಂಡ.

ಕೇಳುವ ಬದಲು ಹಿಂಬಾಲಿಸಿದ. ಪೀರಪ್ಪ ಕೋಲು ಊರಿದ ಕಡೆಯಲ್ಲೇ ತಾನೂ ಊರಿದ. ಅವನು ಕಣ್ಣು ಮುಚ್ಚಿದರೆ ತಾನೂ ಮುಚ್ಚಿದ. ಕಿವಿ ನೆಲದ ಮೇಲಿರುತ್ತಿತ್ತು, ಗಮನವೆಲ್ಲ ಪೀರಪ್ಪನ ಮೇಲೆ. ಊಟಕ್ಕೆ ಕೂತರೆ ಅಜ್ಜ ಯಾರಿಗೆ ಎಷ್ಟು ಸೌಟು ಮಜ್ಜಿಗೆ ಹಾಕಿದರೆಂದು ನೋಡುತ್ತಿದ್ದ. ಪೀರಪ್ಪ ಕೆಮ್ಮಿದರೂ ಅದರಲ್ಲಿ ಸೊಕ್ಕು ಕಾಣುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಬಾಳೆಯ ನಡುವೆ ಕೆಂಪು ಬಟ್ಟೆ ಕಾಣಿಸಿತು. ಪೀರಪ್ಪನ ಗೂಟ, ತನ್ನ ತೋಟದಲ್ಲಿ.

ಕೊಟ್ರೇಶ ಬಿದಿರಿನ ಕೋಲು ತಂದು ಊರಿ ಕಿವಿಗೊಟ್ಟ. ಏನೂ ಕೇಳಲಿಲ್ಲ. ನಗು ಬಂತು. ಆಮೇಲೆ ಬೆರಳು ಮಣ್ಣಿಗಿಳಿಸಿದ. ಮಣ್ಣು ತಣ್ಣಗೆ ಹಸಿಯಾಗಿತ್ತು.

ಆ ಬಾಳೆಗೆ ಅವನು ನೀರು ಬಿಟ್ಟು ಹನ್ನೆರಡು ದಿನವಾಗಿತ್ತು.

ಪಂಪುಮನೆಯಿಂದ ಊರಿಗೆ ಹೋಗುವ ದೊಡ್ಡ ಪೈಪು ಆಶ್ರಮದ ಅಂಗಳದ ಕೆಳಗೇ ಹಾದುಹೋಗಿತ್ತು. ಪಕ್ಕದಲ್ಲೇ ಬಾವಿ. ನದಿ ಸೊರಗಿ ದಂಡೆಯ ಮರಳು ಕಂಡಾಗಲೂ ತುಂಬಿ ತುಳುಕುವ ಬಾವಿ. ಜನ ಅದನ್ನು ಅಜ್ಜನ ಪುಣ್ಯ ಎನ್ನುತ್ತಿದ್ದರು, ಕೊಟ್ರೇಶ ತನ್ನ ಸೇವೆಯ ಫಲ ಎಂದುಕೊಂಡಿದ್ದ.

ಅವನಿಗೆ ಎಲ್ಲವೂ ಒಂದೇ ಗಳಿಗೆಯಲ್ಲಿ ತಿಳಿಯಿತು. ಕೆಳಗಿನ ಓಣಿಯ ನೀರು ಎಲ್ಲಿ ಹೋಗುತ್ತಿದೆ ಎಂಬುದು ತಿಳಿಯಿತು. ಕಬ್ಬಿಣದ ಕೋಲು ಯಾರ ಪಾಲಾಗುತ್ತದೆ ಎಂಬುದೂ ತಿಳಿಯಿತು. ಎರಡನೆಯದು ಮೊದಲನೆಯದನ್ನು ನುಂಗಿಹಾಕಿತು.

ಗೂಟ ಕಿತ್ತ. ಪಂಚೆಯ ಮರೆಯಲ್ಲಿ ಒಯ್ದು ಅಕ್ಕಿ ಗಿರಣಿಯ ಮುಂದಿನ ರಸ್ತೆಯ ಗರಸಿನಲ್ಲಿ, ಆ ಕೆಂಪು ಜಲ್ಲಿಮಣ್ಣಿನಲ್ಲಿ, ಹೊಡೆದ.

ಸ್ವಲ್ಪ ಹೊತ್ತಿಗೆ ಪುರಸಭೆಯವರು ಬಂದು ಅಗೆದರು. ಮಂಡಿಯುದ್ದ ಅಗೆದರು, ಎದೆಯುದ್ದ ಅಗೆದರು. ಪೈಪು ಸಿಕ್ಕಿತು, ಕಲ್ಲಿನಷ್ಟು ಒಣಗಿದ್ದ ಪೈಪು. ಸುದ್ದಿ ತಿಳಿದು ಅಜ್ಜ ಬಂದರು, ಶಿಷ್ಯರು ಬಂದರು, ಜನ ಸೇರಿದರು. ನೀರು ಕೇಳಿದರೆ ಗುಂಡಿ ಕೊಟ್ಟರು ಎಂದು ಯಾರೋ ನಕ್ಕರು. ಆಶ್ರಮದವರ ಮಾತು ಕೇಳಿ ಇನ್ನು ಒಂದು ಗುದ್ದಲಿಯನ್ನೂ ಎತ್ತುವುದಿಲ್ಲ, ಮಳೆಗಾಲ ಬರುವವರೆಗೂ ಓಣಿಯವರು ಕಾಯಲಿ ಎಂದು ಮೇಸ್ತ್ರಿ ಹೇಳಿದ.

ಕೆಳಗಿನ ಓಣಿಯ ಹುಲಿಗೆವ್ವ ಕೊಡ ಕಂಕುಳಲ್ಲಿಟ್ಟುಕೊಂಡು ಗುಂಡಿಯ ಅಂಚಿನಲ್ಲಿ ಕೂತಳು. ಕೊನೆಯ ನಲ್ಲಿ ಅವಳ ಮನೆಯ ಮುಂದಿನದು. ಎರಡು ಹೊತ್ತೂ ನದಿಯಿಂದ ನೀರು ಹೊತ್ತು ಅವಳ ಸೊಂಟ ಬಾಗಿತ್ತು.

"ಅಜ್ಜಾರ," ಎಂದಳು. "ನಿಮ್ಮ ಶಿಷ್ಯರು ಆಟ ಆಡಾಕತ್ಯಾರ. ನಮ್ಮ ಬಾಯಾಗ ಮಣ್ಣು ಬೀಳಾಕತ್ತೈತಿ."

"ನಾನು ಹೊಡೆದದ್ದು ಇಲ್ಲಲ್ರಿ," ಎಂದ ಪೀರಪ್ಪ.

ಮತ್ತೆಲ್ಲಿ ಎಂದು ಮೇಸ್ತ್ರಿ ಗದರಿದ. ಪೀರಪ್ಪ ಬಾಯಿ ತೆರೆಯುವಷ್ಟರಲ್ಲಿ ಅಜ್ಜ ಕೈ ಎತ್ತಿ ತಡೆದರು. ಮಣ್ಣಿನ ಗುಡ್ಡೆಯ ಮೇಲೆ ಬಿದ್ದಿದ್ದ ಗೂಟವನ್ನು ಎತ್ತಿಕೊಂಡರು.

ಗೂಟದ ಮೊನೆಗೆ ಕೆಂಪು ಗರಸು ಮೆತ್ತಿತ್ತು. ಗೂಟದಲ್ಲಿದ್ದ ಸೀಳಿನ ಒಳಗೆ ಮಾತ್ರ ಕಪ್ಪು ಜೇಡಿ, ಇನ್ನೂ ಹಸಿಯಾಗಿತ್ತು. ಅದರಲ್ಲೊಂದು ಬಾಳೆಯ ಬೇರಿನ ಎಳೆ.

ಅಜ್ಜ ಅದನ್ನು ಉಗುರಿನಿಂದ ಮೀಟಿ ನೋಡಿದರು. ಯಾರ ಮುಖವನ್ನೂ ನೋಡಲಿಲ್ಲ. ಗೂಟವನ್ನು ಕೊಟ್ರೇಶನ ಕೈಗಿಟ್ಟರು.

"ಊರೆಲ್ಲ ಬಾಯಾರೈತಿ, ಈ ಗೂಟಕ್ಕ ಬಾಯಾರಿಲ್ಲ. ಇದು ಎಲ್ಲಿ ನೀರು ಕುಡಿದು ಬಂತೋ ಅಲ್ಲಿಗೆ ಕರಕೊಂಡು ಹೋಗು."

ಕೊಟ್ರೇಶ ಓಡಿಹೋಗಬಹುದಿತ್ತು. ಗೊತ್ತಿಲ್ಲ ಎನ್ನಬಹುದಿತ್ತು. ಹುಲಿಗೆವ್ವ ಮೊಣಕಾಲಿಗೆ ಕೈಯೂರಿ ಎದ್ದು ನಿಂತು ಕೊಡವನ್ನು ಸೊಂಟಕ್ಕೇರಿಸಿದಳು. ಅವನು ನಡೆದ. ಹಿಂದೆ ಅಜ್ಜ, ಪೀರಪ್ಪ, ಮೇಸ್ತ್ರಿ, ಓಣಿಯ ಜನ. ಅಕ್ಕಿ ಗಿರಣಿಯಿಂದ ಆಶ್ರಮಕ್ಕೆ ಅಷ್ಟು ದೂರವಿದೆ ಎಂದು ಅವನಿಗೆ ಅದುವರೆಗೆ ಗೊತ್ತೇ ಇರಲಿಲ್ಲ.

ತನ್ನ ಬಾಳೆಯ ಬುಡದಲ್ಲಿ, ಮೊದಲಿದ್ದ ತೂತಿನಲ್ಲೇ, ಗೂಟ ನೆಟ್ಟ.

ಮೇಸ್ತ್ರಿ ಗೊಣಗುತ್ತಲೇ ಅಗೆಸಿದ. ಬಾಳೆ ಉರುಳಿದವು. ಮೂರಡಿಗೆ ಕೆಸರು, ಐದಡಿಗೆ ನೀರು. ದೊಡ್ಡ ಪೈಪು ಕೈಯಗಲ ಬಿರಿದು, ನೀರು ಮಣ್ಣಿನೊಳಗೆ ದಾರಿ ಮಾಡಿಕೊಂಡು ಬಾವಿಗೆ ಇಳಿಯುತ್ತಿತ್ತು. ಒಂದಿಷ್ಟೂ ಸದ್ದಿರಲಿಲ್ಲ. ಎಷ್ಟು ವರ್ಷದಿಂದಲೋ ದೇವರಿಗೇ ಗೊತ್ತು. ಒಂದು ಓಣಿಯ ನೀರಿನಲ್ಲಿ ಒಂದು ಆಶ್ರಮ ಮಿಂದು ಮಡಿಯಾಗಿತ್ತು.

ಅಜ್ಜ ಬಾವಿಯ ಕಡೆ ನೋಡಿ, ತಾನೂ ಇಲ್ಲೇ ದಿನಾ ಮಿಂದವನು ಎಂದರು. ಅವತ್ತು ಊಟ ಮಾಡಲಿಲ್ಲ.

ಪೈಪಿಗೆ ಜೋಡಣೆ ಹಾಕಿದ ಮೂರನೇ ಬೆಳಗ್ಗೆ ಕೊನೆಯ ನಲ್ಲಿ ಮೊದಲು ಕೆಮ್ಮಿತು, ಆಮೇಲೆ ಉಗುಳಿತು, ಆಮೇಲೆ ಹರಿಯಿತು. ಹುಲಿಗೆವ್ವ ಮೊದಲ ಬೊಗಸೆಯನ್ನು ಕುಡಿಯಲಿಲ್ಲ, ಮುಖಕ್ಕೆ ಎರಚಿಕೊಂಡಳು. ಕಬ್ಬಿಣದ ಕೋಲು ಅಲ್ಲೇ, ಆ ನಲ್ಲಿಯ ಕಟ್ಟೆಯ ಮೇಲೆ, ಪೀರಪ್ಪನ ಕೈಸೇರಿತು. ಕೊಟ್ರೇಶನ ಬಿದಿರಿನ ಕೋಲನ್ನು ಅಜ್ಜ ಇಸಿದುಕೊಂಡರು.

ಆಶ್ರಮದ ಬಾವಿ ವಾರದೊಳಗೆ ತಳ ಕಂಡಿತು. ಇನ್ನು ಮುಂದೆ ಆಶ್ರಮದ ನೀರು ಕೊನೆಯ ನಲ್ಲಿಯದೇ ಎಂದರು ಅಜ್ಜ. ಓಣಿಯವರೆಲ್ಲ ತುಂಬಿಕೊಂಡ ಮೇಲೆ ಉಳಿದರೆ ತರುವುದು, ಉಳಿಯದಿದ್ದರೆ ಇಲ್ಲ. ತರುವ ಕೆಲಸ ಕೊಟ್ರೇಶನದು.

ಮೊದಲ ದಿನ ಹುಲಿಗೆವ್ವ ಅವನನ್ನು ನೋಡಿ ನಕ್ಕಳು. "ಬರ್ರಿ ಸಣ್ಣ ಅಜ್ಜಾರ. ಪಾಳಿ ಹಿಂದಕ್ಕೈತಿ."

ಅವನು ಹಿಂದೆ ಹೋಗಿ ನಿಂತ. ದಿನಾ ನಿಂತ. ಕೊಡ ಇಟ್ಟು ಕಾದ, ಹೊತ್ತ, ಹೆಗಲು ಬಾತು ಇಳಿದು ಮತ್ತೆ ಬಾತಿತು. ಪೀರಪ್ಪ ಕಬ್ಬಿಣದ ಕೋಲು ಹಿಡಿದು ಆ ದಾರಿಯಲ್ಲೇ ಹಾದುಹೋಗುತ್ತಿದ್ದ. ಕೊಟ್ರೇಶ ತಲೆ ತಗ್ಗಿಸುತ್ತಿದ್ದ, ನಾಚಿಕೆಯಿಂದಲ್ಲ, ಹೊಟ್ಟೆಯುರಿ ಕಣ್ಣಲ್ಲಿ ಕಾಣದಿರಲಿ ಎಂದು.

ಎರಡು ತಿಂಗಳ ಮೇಲೆ ಒಂದು ಬೆಳಗ್ಗೆ ಅರ್ಧ ಕೊಡ ಹೊತ್ತು ಬಂದ. ಅಜ್ಜನ ಮುಂದೆ ಇಳಿಸಿದ. ತುಟಿ ಒಣಗಿತ್ತು. ಬಿಸಿಲಲ್ಲಿ ನಿಂತೂ ನಿಂತೂ ಅವನು ಆವತ್ತು ಒಂದು ಗುಟುಕೂ ಕುಡಿದಿರಲಿಲ್ಲ.

ನಲ್ಲಿಯ ನೀರು ನಿನ್ನೆಗಿಂತ ಸಣ್ಣಗಾಗಿದೆ ಎಂದ. ಮೊನ್ನೆಗಿಂತ ನಿನ್ನೆ ಸಣ್ಣಗಿತ್ತು. ಹುಲಿಗೆವ್ವ ಎರಡನೇ ಕೊಡ ತುಂಬದೆಯೇ ಬಿಟ್ಟು ಹೋದಳು. ಮೇಲೆ ಎಲ್ಲೋ ಇನ್ನೊಂದು ಬಿರುಕು ಕುಡಿಯುತ್ತಿದೆ ಎಂದ.

"ಎಲ್ಲಿ?" ಎಂದರು ಅಜ್ಜ.

"ನನಗೇನು ಗೊತ್ರಿ? ಪೀರಪ್ಪನ್ನ ಕೇಳ್ರಿ, ಅವ ಹೇಳ್ತಾನ. ಕೋಲು ಅವನ ಕೈಯಾಗ ಐತಿ, ಕಿವೀನೂ ಅವಂದೇ."

ಅಜ್ಜ ಒಳಗೆ ಹೋದರು. ಹೊರಗೆ ಬಂದಾಗ ಅವರ ಕೈಯಲ್ಲಿ ಕೊಟ್ರೇಶನ ಹಳೆಯ ಬಿದಿರಿನ ಕೋಲಿತ್ತು. ಅದನ್ನು ಅವನ ಕೈಗೆ ಕೊಟ್ಟರು.

"ಅವನಿಗೆ ಹುಟ್ಟಿದಾಗಿಂದ ಬಾಯಾರಿಕಿ," ಎಂದರು. "ನಿನಗ ಇವತ್ತು ಶುರುವಾಗೈತಿ. ಹೋಗು."