ಪುಕ್ಕವಿಲ್ಲದ ಹಕ್ಕಿ

ವಾರಿಜಮ್ಮ ನೀರುಬಣ್ಣದಲ್ಲಿ ಒಂದು ಬಳ್ಳಿಯ ಚಿತ್ತಾರ ಬರೆದು, ಹಾಳೆಯನ್ನು ಕಿಟಕಿಯಲ್ಲಿ ಒಣಗಲು ಇಟ್ಟಿದ್ದರು. ಕುಂಚ ಒಮ್ಮೆ ಒತ್ತಿ ಎತ್ತಿದಲ್ಲೆಲ್ಲ ಒಂದೊಂದು ಎಲೆ ಮೂಡಿತ್ತು. ಬಳ್ಳಿಯ ತುದಿಯಲ್ಲಿ ಒಂದು ಹಕ್ಕಿ. ದುಂಡನೆಯ ಕಂದು ಮೈ, ತೆರೆದ ಹಳದಿ ಕೊಕ್ಕು, ಅಷ್ಟೇ.

ಗೂಡಿಗೆ ಕಾಗದದ ಚೂರು ಹುಡುಕುತ್ತಿದ್ದ ಗುಬ್ಬಿಯೊಂದು ಬಂದು ಹಾಳೆಯ ಅಂಚನ್ನು ಕಚ್ಚಿತು.

"ಧಾರಾಳವಾಗಿ ಹರಿದುಕೋ ಗುಬ್ಬಕ್ಕ," ಎಂದಿತು ಗೋಡೆಯ ಮೇಲಿನ ಹಲ್ಲಿ. "ಯಾರಾದರೂ ಮಾತಾಡುವಾಗ ನಾನು ಲೊಚಗುಟ್ಟಿದರೆ, ಆ ಮಾತು ಸತ್ಯವೆಂದು ಈ ಮನೆಯವರು ನಂಬುತ್ತಾರೆ. ಅಂಥ ನಾನೇ ಹೇಳುತ್ತಿದ್ದೇನೆ, ಅದು ಎಲೆಯೂ ಅಲ್ಲ, ಇದು ಹಕ್ಕಿಯೂ ಅಲ್ಲ. ಎಲೆಗೆ ನರವಿಲ್ಲ. ಹಕ್ಕಿಗೆ ರೆಕ್ಕೆಯಿಲ್ಲ, ಪುಕ್ಕವಿಲ್ಲ, ಕಣ್ಣು ಕೂಡ ಇಲ್ಲ!"

ಗುಬ್ಬಿ ಕಚ್ಚಿದ ಅಂಚನ್ನು ಬಿಟ್ಟು ಆ ಹಕ್ಕಿಯನ್ನು ನೋಡಿತು. ಬಹಳ ಹೊತ್ತು ನೋಡಿತು.

"ಹಲ್ಲಿರಾಯರೇ, ನನ್ನ ಮರಿಗಳು ಮೊಟ್ಟೆಯೊಡೆದು ಬಂದಾಗ ಹೀಗೇ ಇದ್ದವು. ರೆಕ್ಕೆ ಬಲಿತಿರಲಿಲ್ಲ, ಪುಕ್ಕ ಹುಟ್ಟಿರಲಿಲ್ಲ, ಕಣ್ಣೂ ಬಿಟ್ಟಿರಲಿಲ್ಲ. ಹಸಿದ ಬಾಯಿಯೊಂದೇ ಕಾಣುತ್ತಿತ್ತು. ಇವು ಹಕ್ಕಿಗಳೆಂದು ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ."

ಹೀಗೆಂದು ಗುಬ್ಬಿ, ತಾನು ಕಚ್ಚಿ ಮಡಿಸಿದ್ದ ಅಂಚನ್ನು ಕೊಕ್ಕಿನಿಂದ ಮೆಲ್ಲಗೆ ನೇರ ಮಾಡಿ, ಒಣಹುಲ್ಲು ಹುಡುಕಲು ಹಾರಿಹೋಯಿತು.

ಹಲ್ಲಿ ಎದುರುತ್ತರ ಕೊಡಲು ಬಾಯಿ ತೆರೆಯಿತು. ಅಭ್ಯಾಸಬಲದಿಂದ "ಲೊಚ್, ಲೊಚ್" ಎಂದುಬಿಟ್ಟಿತು.

ಒಳಗೆ ಕುಂಚ ತೊಳೆಯುತ್ತಿದ್ದ ವಾರಿಜಮ್ಮನಿಗೆ ಅದು ಕೇಳಿಸಿತು. ಯಾವ ಮಾತಿಗೆಂದು ತಿಳಿಯದಿದ್ದರೂ, ವಾಡಿಕೆಯಂತೆ ಬೆರಳ ತುದಿಯಿಂದ ನೆಲ ತಟ್ಟಿ ಅವರು ಅಂದರು: "ಸತ್ಯ."